ಬೆವರಿನ ಜಾಮೀನು

ಕೀನ್ಯಾ ದೇಶದ ಲೇವಾ ಎಂಬ ವನ್ಯರಕ್ಷಿತ ಪ್ರದೇಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 5,500 ಅಡಿ ಎತ್ತರದ ಹುಲ್ಲುಗಾವಲಿನ ಮಣ್ಣುಹಾದಿಯಲ್ಲಿ ಓಡತಕ್ಕ ಒಂದು ಮ್ಯಾರಥಾನ್ 2000ನೆಯ ಇಸವಿಯಲ್ಲಿ ಆರಂಭವಾಯಿತು. ಓಟಗಾರರಿಗೂ ಮೃಗಗಳಿಗೂ ನಡುವೆ ಅಲ್ಲಿ ಬೇಲಿಯಿಲ್ಲವಾದುದರಿಂದ, ಶಸ್ತ್ರಧಾರಿಗಳಾದ ಕಾವಲುಗಾರರು ದಾರಿಯುದ್ದಕ್ಕೂ ನಿಂತಿರುತ್ತಾರೆ. ಹೆಲಿಕಾಪ್ಟರುಗಳು ಮೇಲಿನಿಂದ ಕಣ್ಣಿಟ್ಟು, ತೀರ ಸಮೀಪಕ್ಕೆ ಬಂದ ಪ್ರಾಣಿಗಳನ್ನು ಆಚೆಗೆ ಸಾಗಹಾಕುತ್ತವೆ. ಖಡ್ಗಮೃಗವೇ ಮೊದಲಾದ ಮೃಗಗಳ ಉಳಿವಿಗೆಂದು ಓಡಿ, ಮಿತ್ರರಿಂದ ಹಣ ಕೂಡಿಸಹೊರಟವರಿಗೆ ಮೃಗಗಳೇ ದಾರಿ ಬಿಡಬೇಕಾದ ಈ ವಿಪರ್ಯಾಸವನ್ನು ಕಂಡು ನಗುವವರು ನಗಲಿ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಖಡ್ಗಮೃಗದ ರಕ್ಷಣೆಗೆ ಬೇಕಾದದ್ದು ಹಣವೇ ಆದಲ್ಲಿ, ದಾನಿಯು ಕುಳಿತಲ್ಲಿಂದಲೇ ಕೊಡಬಾರದೇಕೆ? ನಡುವೆ ಇನ್ನೊಬ್ಬನು 42.195 ಕಿಲೋಮೀಟರು ಓಡಿ ಬಳಲಬೇಕಾದ ಅಗತ್ಯವೇನು?

ದೇಹದಂಡನೆಗೂ ಪುಣ್ಯಕ್ಕೂ ನಂಟನ್ನು ಕಲ್ಪಿಸುವುದು ನಮ್ಮವರಿಗೆ ಹೊಸದಲ್ಲ. ಆದರೆ ಹರಕೆ ಹೊತ್ತು ಉರುಳುಸೇವೆ ಮಾಡುವವನಲ್ಲಿ ನೋಯುವವನೂ ಅರ್ಪಿಸುವವನೂ ಒಬ್ಬನೇ. ಆ ನೋವನ್ನು ಕಂಡು ಒಲಿಯತಕ್ಕ ದೈವವೊಂದುಂಟೆಂಬ ಶ್ರದ್ಧೆಯೂ ಅವನಿಗುಂಟು. ಲೇವಾದ ಬಿಸಿಲಿನಲ್ಲಾಗಲಿ, ಸುಮಾರು 10 ಕಿಲೋ ತೂಕದ ಖಡ್ಗಮೃಗದ ವೇಷವನ್ನು ಹೊತ್ತು ಲಂಡನ್ನಿನ ಬೀದಿಗಳಲ್ಲಿ ಏದುಸಿರುಬಿಡುತ್ತ ಓಡುವವರಲ್ಲಾಗಲಿ, ನೋಯುವವನೊಬ್ಬ, ಕೊಡುವವನು ಮತ್ತೊಬ್ಬ. ಮೃಗಕ್ಕಂತೂ ಎರಡರ ಪರಿವೆಯೂ ಇಲ್ಲ.

ದಾನದ ದಾರಿಯಲ್ಲಿ ತಮಗೆ ಶ್ರಮವೋ ನೋವೋ ಒದಗುವುದೆಂದು ತಿಳಿದಾಗ ಜನರು ಹೆಚ್ಚು ಕೊಡಲು ಮನಸ್ಸುಮಾಡುವರೆಂದು ಒಲಿವೋಲಾ ಮತ್ತು ಶಫೀರ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಪ್ರತಿಪಾದಿಸಿದರು. ಇದು ಓಡುವವನ ಅಂತರಂಗವನ್ನು ವಿವರಿಸೀತೇ ಹೊರತು, ಓಡದೆಯೇ ಗಂಟು ಬಿಚ್ಚುವ ಅವನ ಮಿತ್ರನ ಅಂತರಂಗವನ್ನಲ್ಲ. ಆ ಮಿತ್ರನು ಖಡ್ಗಮೃಗವನ್ನು ಕಂಡವನಲ್ಲ, ಅದನ್ನು ಕಾಯುವ ಸಂಸ್ಥೆಯ ಲೆಕ್ಕಪತ್ರವನ್ನು ಓದಿದವನೂ ಅಲ್ಲ. ಆದರೆ ತಿಂಗಳುಗಟ್ಟಲೆ ನಸುಕಿನಲ್ಲೆದ್ದು, ಮಂಡಿನೋವನ್ನು ಸಹಿಸಿ, ಯಾರೂ ಬಲವಂತಪಡಿಸದಿದ್ದರೂ ಓಡುವ ಮನುಷ್ಯನೊಬ್ಬನನ್ನು ಅವನು ಬಲ್ಲನು. ಕಾಣದ ಪ್ರಾಣಿಗೆ ಕಂಡ ಮನುಷ್ಯನ ಬೆವರು ಜಾಮೀನಾಗಿ ನಿಲ್ಲುತ್ತದೆ. ಹೀಗಾಗಿ ಆ ನೋವನ್ನು ದಾನದ ಬೆಲೆಯೆಂದು ಎಣಿಸದೆ, ಕಾರ್ಯದ ಯೋಗ್ಯತೆಗೆ ಹೇಳಿದ ಸಾಕ್ಷ್ಯವೆಂದೇ ನಾನು ಎಣಿಸುತ್ತೇನೆ.

ಹಾಗಾದರೆ ದಾನವು ಸಂದದ್ದು ಸ್ನೇಹಕ್ಕೋ ಮೃಗಕ್ಕೋ ಎಂಬ ಆಕ್ಷೇಪ ಏಳದಿರದು. ಪ್ರತ್ಯುಪಕಾರ ಮಾಡಲಾರದವನಿಗೆ ಕೊಟ್ಟದ್ದನ್ನು ಗೀತೆಯು ಸಾತ್ತ್ವಿಕ ದಾನಗಳ ಸಾಲಿಗೆ ಸೇರಿಸುತ್ತದೆ. ಈ ವಿಷಯದಲ್ಲಿ ಖಡ್ಗಮೃಗಕ್ಕಿಂತ ಉತ್ತಮ ಪಾತ್ರವನ್ನು ಹುಡುಕುವುದು ಕಷ್ಟ. ಆದರೆ ದಾನಿಯ ಕಣ್ಣು ಓಟಗಾರನ ಮೇಲಿದೆ. ಮುಂದಿನ ವರ್ಷ ತಾನು ಆಸ್ಪತ್ರೆಯೊಂದಕ್ಕಾಗಿ ಓಡಿದರೆ ಅವನೂ ಕೊಟ್ಟಾನೆಂಬ ಸಣ್ಣ ಲೆಕ್ಕ ಅಲ್ಲಿ ಸುಳಿಯದೆ ಇರುವುದಿಲ್ಲ. ಇದಕ್ಕಾಗಿ ದಾನವನ್ನು ತಿರಸ್ಕರಿಸುವಷ್ಟು ಕಠಿಣನಾಗಲು ನಾನು ಒಲ್ಲೆ.

ಕೊರತೆ ಬೇರೊಂದೆಡೆಯಲ್ಲಿದೆ. ಸ್ನೇಹದ ಉತ್ಸಾಹ ಓಟದ ದಿನದಂದು ಉಕ್ಕಿ ಇಳಿದುಹೋಗುತ್ತದೆ. ಕಾವಲುಗಾರನ ಸಂಬಳವಾದರೋ ತಿಂಗಳುತಿಂಗಳೂ ಸಲ್ಲಬೇಕು. ಮೇಲಾಗಿ ಲೇವಾದಲ್ಲಿ ಕೂಡಿದ ಹಣದಲ್ಲಿ ಒಂದು ಪಾಲು ಸುತ್ತಣ ಜನರ ಶಾಲೆ, ಚಿಕಿತ್ಸಾಲಯಗಳಿಗೂ ಹೋಗುತ್ತದೆ. ತಾನು ಕೊಟ್ಟದ್ದು ಮೃಗಕ್ಕಲ್ಲವೆ ಎಂದು ಹುಬ್ಬುಗಂಟಿಕ್ಕುವ ದಾನಿಗೆ, ವರ್ಷವಿಡೀ ಆ ಮೃಗದ ನೆರೆಯಲ್ಲಿ ಬಾಳತಕ್ಕವರು ಆ ಜನರೇ, ಬೇಟೆಗಳ್ಳನ ಸುಳಿವು ಮೊದಲು ಸಿಕ್ಕುವುದೂ ಅವರಿಗೇ ಎಂಬುದನ್ನು ತಿಳಿಯಹೇಳುವ ಕೆಲಸ, ಓಟ ಮುಗಿಸಿ ಕಾಲು ನೀವಿಕೊಳ್ಳುತ್ತ ಕುಳಿತ ಓಟಗಾರನದೇ ಆಗಿದೆ. ದಾನಿಯು ನಂಬಿದ್ದು ಅವನೊಬ್ಬನನ್ನೇ ಅಲ್ಲವೆ?