ಧನ್ಯನೋ, ದಡ್ಡನೋ

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ಮನೆಯ ಹಜಾರದಲ್ಲಿ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಮೊಳಗುತ್ತಿತ್ತು. ನಾನು ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಕೆಂಪು ಮಸಿಯ ಕಾಯಕದಲ್ಲಿದ್ದೆ. ಮಗ ಇದ್ದಕ್ಕಿದ್ದಂತೆ ಕೇಳಿದ: “ಅಪ್ಪಾ, ಅವನು ನಿಂತಿರೋ ಜಾಗಕ್ಕೆ ‘ಸಿಲ್ಲಿ ಪಾಯಿಂಟ್’ ಅಂತ ಯಾಕೆ ಹೆಸರು?” ದಾಂಡಿಗನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ತಲೆಗೆ ಹೆಲ್ಮೆಟ್ ಧರಿಸಿ, ಬಗ್ಗಿ ನಿಂತ ಆ ಮನುಷ್ಯನನ್ನು ನೋಡಿ, “ಅಷ್ಟು ಹತ್ತಿರ ನಿಲ್ಲೋನು ಬುದ್ಧಿವಂತನಾಗಿರಲಾರ ಅಂತ ಇರಬೇಕು” ಎಂದೆ. ಮಗ ನಕ್ಕ, ಪ್ರಶ್ನೆ ಅಲ್ಲಿಗೆ ಮುಗಿಯಿತು.

ಆದರೆ ಮೇಷ್ಟರಿಗೆ ಒಂದು ಚಾಳಿಯುಂಟು. ಮೊದಲು ಉತ್ತರ ಹೇಳುವುದು, ಆಮೇಲೆ ಅದು ಸರಿಯೇ ಎಂದು ಪುಸ್ತಕ ತೆರೆಯುವುದು. ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿ ಇಂಗ್ಲಿಷ್ ನಿಘಂಟಿನ ದಪ್ಪ ಸಂಪುಟವೊಂದನ್ನು ತೆಗೆದೆ. ಕ್ರಿಕೆಟ್ಟಿನ ಮಟ್ಟಿಗೆ ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಆ ಪದದ ಪೂರ್ವಚರಿತ್ರೆಯನ್ನು ಓದುತ್ತಾ ಹೋದಂತೆ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಲಾಗಲಿಲ್ಲ.

ಸಾವಿರ ವರ್ಷಗಳಿಗೂ ಹಿಂದಿನ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಸ್ಯಾಲಿಗ್’. ಅರ್ಥ: ಧನ್ಯ, ಭಾಗ್ಯಶಾಲಿ, ದೈವದ ಕೃಪೆಗೆ ಪಾತ್ರನಾದವನು. ಅದರ ಬುಡದಲ್ಲಿದ್ದದ್ದು ‘ಸ್ಯಾಲ್’ ಎಂಬ ಸಣ್ಣ ಪದ. ಅದಕ್ಕೆ ಕಾಲ, ಸುಸಮಯ, ಸುಖ ಎಂಬ ಅರ್ಥಗಳು. ನಮ್ಮ ರೈತರು ‘ಕಾಲಕ್ಕೆ ಸರಿಯಾಗಿ ಮಳೆಯಾಯಿತು’ ಎನ್ನುವಾಗ ಅವರ ಮುಖದಲ್ಲಿ ಕಾಣುವ ನೆಮ್ಮದಿಯೇ ಆ ಪದದ ಹುಟ್ಟೂರು ಎನ್ನಬಹುದು. ಇದರ ಜರ್ಮನ್ ದಾಯಾದಿ ‘ಸೇಲಿಗ್’ ಇಂದಿಗೂ ಹಳೆಯ ಮರ್ಯಾದೆಯನ್ನು ಉಳಿಸಿಕೊಂಡಿದೆ. ಧನ್ಯ ಎಂದೇ ಅದರ ಅರ್ಥ. ತೀರಿಕೊಂಡ ಹಿರಿಯರ ಹೆಸರಿನೊಂದಿಗೂ ಅದನ್ನು ಸೇರಿಸುತ್ತಾರೆ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ದೇವರಮನೆಯಲ್ಲಿ ಉಳಿದ. ಇನ್ನೊಬ್ಬ ಬೀದಿಯ ನಗೆಪಾಟಲಾದ.

ಈ ಪತನ ಒಂದು ದಿನದಲ್ಲಿ ಆದದ್ದಲ್ಲ. ಧನ್ಯನಾದವನು ದೈವಭಕ್ತನೂ ಆಗಿರಬೇಕಷ್ಟೆ. ಭಕ್ತನಾದವನು ಯಾರಿಗೂ ಕೇಡು ಬಗೆಯದವನು. ಕೇಡು ಬಗೆಯದವನಿಗೆ ಕೇಡು ಬಗೆಯುವವರು ಬಹಳ, ಆದ್ದರಿಂದ ಅವನು ಕನಿಕರಕ್ಕೆ ಪಾತ್ರ. ಕನಿಕರಕ್ಕೆ ಪಾತ್ರನಾದವನು ದುರ್ಬಲ. ದುರ್ಬಲನಾಗಿಯೇ ಇರುವವನು ದಡ್ಡನಲ್ಲದೆ ಮತ್ತೇನು? ಹೀಗೆ ಐದಾರು ಮೆಟ್ಟಿಲು. ಒಂದೊಂದು ಮೆಟ್ಟಿಲೂ ಎಷ್ಟು ಗಿಡ್ಡವೆಂದರೆ, ಇಳಿಯುವವರಿಗೆ ತಾವು ಇಳಿಯುತ್ತಿದ್ದೇವೆಂಬ ಅರಿವೇ ಆಗಿರಲಾರದು. ಕೆಳಗೆ ನಿಂತು ಹಿಂದಿರುಗಿ ನೋಡಿದಾಗ ಮಾತ್ರ ಎದೆ ಝಲ್ಲೆನ್ನುತ್ತದೆ.

ನಡು ಮೆಟ್ಟಿಲ ಮೇಲೆ ಈ ಪದವನ್ನು ಕಾಣಬೇಕಾದರೆ ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ಹೇಳಿದ ಮಿಲ್ಲರನ ಕಥೆಗೆ ಹೋಗಬೇಕು. ಅಲ್ಲೊಬ್ಬ ವಯಸ್ಸಾದ ಬಡಗಿ. ಮನೆಯಲ್ಲಿ ಬಿಡಾರ ಮಾಡಿಕೊಂಡಿದ್ದ ವಿದ್ಯಾರ್ಥಿಯೊಬ್ಬ, ಬಡಗಿಯ ಎಳೆಯ ಹೆಂಡತಿಯನ್ನು ಒಲಿಸಿಕೊಂಡು, ಮಹಾಪ್ರಳಯ ಬರಲಿದೆಯೆಂದು ಅವನನ್ನು ನಂಬಿಸುತ್ತಾನೆ. ಬಡಗಿ ಸೂರಿಗೆ ತೊಟ್ಟಿಗಳನ್ನು ಕಟ್ಟಿ, ಒಂದರಲ್ಲಿ ತಾನು ಮಲಗುತ್ತಾನೆ, ಕೊನೆಗೆ ಬಿದ್ದು ಕೈ ಮುರಿದುಕೊಳ್ಳುತ್ತಾನೆ, ಊರೆಲ್ಲ ನಗುತ್ತದೆ. ಚಾಸರ್ ಅವನನ್ನು ಮತ್ತೆ ಮತ್ತೆ ಕರೆಯುವುದು ಇದೇ ಪದದಿಂದ. ಅದರಲ್ಲಿ ಕನಿಕರವೂ ಇದೆ, ಕುಚೋದ್ಯವೂ ಇದೆ. ನಾವೂ ನಗುತ್ತೇವೆ. ಆದರೆ ಒಂದು ವಿಷಯವನ್ನು ಮರೆಯಬಾರದು. ಪ್ರಳಯದ ಸುದ್ದಿ ಕೇಳಿದೊಡನೆ ಬಡಗಿ ಮೊದಲು ಮರುಗಿದ್ದು ತನಗಾಗಿ ಅಲ್ಲ, ಮುಳುಗಿಹೋಗುವಳಲ್ಲಾ ಎಂದು ಹೆಂಡತಿಗಾಗಿ.

ಅಲ್ಲಿಂದ ಇನ್ನೂರು ವರ್ಷಗಳ ಮೇಲೂ ಪದದಲ್ಲಿ ಹಳೆಯ ಬೆಳಕು ಪೂರ್ತಿ ಆರಿರಲಿಲ್ಲ. 1595ರಲ್ಲಿ ತನ್ನ ಮತಕ್ಕಾಗಿ ಲಂಡನ್ನಿನಲ್ಲಿ ಗಲ್ಲಿಗೇರಿದ ಪಾದ್ರಿ ಕವಿ ರಾಬರ್ಟ್ ಸೌತ್‌ವೆಲ್, ಚಳಿಯ ರಾತ್ರಿಯಲ್ಲಿ ನಡುಗುವ ಶಿಶು ಏಸುವನ್ನೇ ‘ಸಿಲ್ಲಿ’ ಎಂದು ವರ್ಣಿಸಿದ್ದಾನೆ. ನಿಷ್ಪಾಪಿ, ಅಸಹಾಯ ಎಂದು ಅವನ ಇಂಗಿತ. 1629ರಲ್ಲಿ ಮಿಲ್ಟನ್ ಕವಿ ಅದೇ ಜನ್ಮೋತ್ಸವವನ್ನು ಹಾಡುತ್ತಾ ಕುರುಬರ ಸರಳ ಯೋಚನೆಗಳಿಗೆ ಈ ವಿಶೇಷಣವನ್ನೇ ತೊಡಿಸಿದ. ಆ ವೇಳೆಗೆ ಪೇಟೆಬೀದಿಯಲ್ಲಿ ಅದು ‘ಬುದ್ಧಿಗೇಡಿ’ ಎಂಬ ಅರ್ಥದಲ್ಲಿ ಚಲಾವಣೆಗೆ ಬಂದಾಗಿತ್ತು. ದೇವಶಿಶುವಿಗೂ ಬುದ್ಧಿಗೇಡಿಗೂ ಒಂದೇ ಮಾತು!

ಇದಕ್ಕೆ ವಿರುದ್ಧವಾಗಿ ‘ನೈಸ್’ ಎಂಬ ಪದವನ್ನು ನೋಡಿ. ಅದರ ಮೂಲ ಲ್ಯಾಟಿನ್ನಿನ ‘ನೆಸ್ಕಿಯಸ್’, ಅಂದರೆ ಅರಿಯದವನು. ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಮೂಢ. ಕಾಲಕ್ರಮದಲ್ಲಿ ನಾಜೂಕಿನವನು, ನಿಷ್ಕೃಷ್ಟ, ಕೊನೆಗೆ ಸೊಗಸಾದದ್ದು ಎಂದು ಮೇಲೇರುತ್ತಾ ಬಂತು. ಭಾಷಾಶಾಸ್ತ್ರದ ತರಗತಿಯಲ್ಲಿ ನಾವು ಇವಕ್ಕೆ ಹೀನಾರ್ಥಪ್ರಾಪ್ತಿ, ಉತ್ತಮಾರ್ಥಪ್ರಾಪ್ತಿ ಎಂದು ಹೆಸರಿಟ್ಟು, ಎರಡೆರಡು ಉದಾಹರಣೆ ಬರೆಸಿ, ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿದಂತಾಗದು. ಅರಿಯದವನು ಸೊಗಸುಗಾರನಾದ, ಧನ್ಯನು ದಡ್ಡನಾದ, ಯಾರ ಕಣ್ಣಿನಲ್ಲಿ?

ಇಂಗ್ಲಿಷರನ್ನು ಬೈಯುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಬಂಡೆಗಲ್ಲಿನ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ದೊರೆಯಿತು. ಬಿರುದಿನ ಒಡೆಯ ಯಾರೆಂಬ ಸಂಶಯ ತೀರಿತು. ದೇವತೆಗಳಿಗೆ ಪ್ರಿಯನಾದವನು! ಸಾಮ್ರಾಟನೊಬ್ಬ ಕಲ್ಲಿನಲ್ಲಿ ಕೊರೆಸಿದ ಈ ಮಾತಿಗೆ, ಹದಿನೇಳನೆಯ ಶತಮಾನದ ಭಟ್ಟೋಜಿ ದೀಕ್ಷಿತರ ‘ಸಿದ್ಧಾಂತಕೌಮುದಿ’ಯಲ್ಲಿ ಕಾಣುವ ಅರ್ಥ ಮೂರ್ಖ. ದೇವರಿಗೆ ಬೇಕಾದವನು ನಮಗೆ ಬೇಡವಾದವನು ಎಂಬುದು ಪೂರ್ವ ಪಶ್ಚಿಮಗಳೆರಡರ ಒಮ್ಮತವೆಂದು ತೋರುತ್ತದೆ. ಇನ್ನು ನಮ್ಮ ‘ಪಾಪ’ವಂತೂ ನಾಲಗೆಯ ತುದಿಯಲ್ಲೇ ಇದೆ. ದುಷ್ಕೃತ್ಯವನ್ನು ಹೇಳುವ ಪದ. ಆದರೂ ಯಾವ ದುಷ್ಕೃತ್ಯವನ್ನೂ ಮಾಡದವನನ್ನು ಕಂಡು ನಾವು ‘ಪಾಪ!’ ಎನ್ನುತ್ತೇವೆ.

ಇಷ್ಟಾದ ಮೇಲೆ ನನ್ನ ಮನೆಯ ಒಂದು ಮಾತನ್ನು ಹೇಳದೆ ಉಪಾಯವಿಲ್ಲ. ಅಪ್ಪ ತೀರಿಕೊಂಡ ಮೇಲೆ ಊರಿನ ಹಿರಿಯರು ಕುಳಿತು ನನಗೂ ಅಣ್ಣನಿಗೂ ಜಮೀನು ಪಾಲು ಮಾಡಿದರು. ರಸ್ತೆ ಬದಿಯ ಹೊಲ, ಒಳಗಿನ ಹಳೆಯ ತೆಂಗಿನ ತೋಟ. ಅಳತೆಯಲ್ಲಿ ಎರಡೂ ಸಮ, ಬೆಲೆಯಲ್ಲಿ ಅಜಗಜಾಂತರ. ಚೀಟಿ ಎತ್ತಿಸೋಣವೆಂದರು ಹಿರಿಯರು. “ಚೀಟಿ ಯಾಕೆ? ರಸ್ತೆ ಕಡೇದು ಅವನಿಗಿರಲಿ” ಎಂದು ಅಣ್ಣ ಎದ್ದುಹೋದ. ಆ ಹೊಲ ಮಾರಿದ ಹಣದಲ್ಲಿ ನಾನು ಪಟ್ಟಣದಲ್ಲಿ ಸೈಟು ಕೊಂಡೆ. ಈಗ ಕುಳಿತು ಬರೆಯುತ್ತಿರುವ ಈ ಕೋಣೆಯೂ ಅದರ ಮೇಲೆಯೇ ಎದ್ದದ್ದು. ಊರಿನವರು ಅಣ್ಣನನ್ನು ಪೆದ್ದನೆಂದರು. ನಾನು ಓದಿದವನಲ್ಲವೇ, ಹಾಗೆ ಒರಟಾಗಿ ಹೇಳಲಿಲ್ಲ. “ಪಾಪ, ಅಣ್ಣನಿಗೆ ವ್ಯವಹಾರ ತಿಳಿಯೋದಿಲ್ಲ” ಎಂದೆ. ಹದಿನೈದು ವರ್ಷಗಳಿಂದ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ.

ನಿಘಂಟಿನ ಆ ಪುಟವನ್ನು ಓದಿದ ಮೇಲೆ ಈ ಮಾತು ಮನಸ್ಸಿಗೆ ಚುಚ್ಚತೊಡಗಿತು. ಸಂಕ್ರಾಂತಿಗೆ ಊರಿಗೆ ಹೋದಾಗ ತೋಟದಲ್ಲಿ ಅಣ್ಣನ ಬಳಿ ಕುಳಿತು ಕೇಳಿಯೇಬಿಟ್ಟೆ: “ಅಣ್ಣ, ರಸ್ತೆ ಬದೀ ಜಮೀನಿನ ಬೆಲೆ ಆಗ ನಿನಗೆ ಗೊತ್ತಿರಲಿಲ್ಲವೇ?”

ಅಣ್ಣ ಮಟ್ಟೆ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಗೊತ್ತಿಲ್ಲದೆ ಏನು? ಹಿಂದಿನ ವಾರವೇ ಒಬ್ಬ ಬಂದು ಕೇಳಿಕೊಂಡು ಹೋಗಿದ್ದ. ನಿನಗೆ ಊರಲ್ಲಿ ಇರೋ ಮನಸ್ಸಿರಲಿಲ್ಲ, ದುಡ್ಡು ಬೇಕಿತ್ತು. ನನಗೆ ಅಪ್ಪ ನೆಟ್ಟ ಮರ ಬೇಕಿತ್ತು. ಅದರಲ್ಲಿ ತಿಳಿಯದೇ ಇರೋದು ಏನಿದೆ ಕಣೋ?”

ಚಾಸರನ ಬಡಗಿ ಅರಿಯದೆ ಮೋಸಹೋದವನು. ನನ್ನ ಅಣ್ಣ ಅರಿತು ಕೊಟ್ಟವನು. ಹೊರಗಿನಿಂದ ನೋಡುವವನಿಗೆ ಇಬ್ಬರೂ ಕಳೆದುಕೊಂಡವರೇ. ಭಾಷೆ ಸಾಮಾನ್ಯವಾಗಿ ಹೊರಗೆ ನಿಂತೇ ನೋಡುತ್ತದೆ. ಆದ್ದರಿಂದ ಇಬ್ಬರಿಗೂ ಒಂದೇ ಪದವನ್ನು ಹಂಚಿತು. ಬಡಗಿಯಂಥವರನ್ನು ಎಚ್ಚರಿಸುವುದು ಒಳ್ಳೆಯದೇ; ಕೇಡನ್ನು ಗುರುತಿಸಲಾರದ ಒಳ್ಳೆಯತನದಿಂದ ಮನೆಗಳು ಮುಳುಗಿದ್ದುಂಟು. ಅದನ್ನು ಪೆದ್ದುತನವೆಂದು ಕರೆದರೆ ನನ್ನ ತಕರಾರಿಲ್ಲ. ಆದರೆ ಬಲ್ಲವನ ತ್ಯಾಗವನ್ನೂ ಅದೇ ಬುಟ್ಟಿಗೆ ಹಾಕುವುದರಲ್ಲಿ ನಮಗೊಂದು ಲಾಭವಿದೆ. ಉಪಕಾರ ಪಡೆದವನಿಗೆ ಉಪಕಾರಿಯ ತಿಳಿವಳಿಕೆ ಒಂದು ಹೊರೆ. ಅವನು ತಿಳಿದು ಕೊಟ್ಟನೆಂದರೆ ನಾನು ಸಾಲಗಾರ. ತಿಳಿಯದೆ ಕೊಟ್ಟನೆಂದರೆ ನಾನು ಅದೃಷ್ಟವಂತ, ಅಷ್ಟೆ. ಒಂದು ಸಣ್ಣ ‘ಪಾಪ’ದಿಂದ ಪತ್ರ ಹರಿದುಹೋಗುತ್ತದೆ. ಇಂಗ್ಲಿಷಿನ ಆ ಪದವನ್ನು ಮೆಟ್ಟಿಲಿಳಿಸಿದವರಲ್ಲಿ ನನ್ನಂಥವರು ಎಷ್ಟು ಮಂದಿಯಿದ್ದರೋ! ಕೆಳಗಿಳಿದದ್ದು ಪದವಲ್ಲ, ನೋಡುವ ಕಣ್ಣು.

ಮೊನ್ನೆ ಅಣ್ಣ ಬಸ್ಸಿನಲ್ಲಿ ಒಂದು ಮೂಟೆ ತೆಂಗಿನಕಾಯಿ ಹಾಕಿಸಿ ಕಳಿಸಿದ್ದ. ಹೆಂಡತಿ ಮೂಟೆಯ ಬಾಯಿ ಬಿಚ್ಚುತ್ತಾ, “ಪಾಪ, ಭಾವನವರು ಈ ಬೆಲೆ ಇರುವಾಗಲೂ ಮಾರದೆ ನಮಗೆ ಕಳಿಸಿದ್ದಾರೆ” ಎಂದಳು. ಅಭ್ಯಾಸಬಲದಿಂದ ನಾನೂ ಹೂಂಗುಟ್ಟುವವನಿದ್ದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, “ಅವನಿಗೆ ಬೆಲೆ ಗೊತ್ತು” ಎಂದೆ.