ಪಣದ ದರ ಮತ್ತು ಆಟಗಾರ

2015ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಓಪನ್ ಟೆನಿಸ್ ಸೆಮಿಫೈನಲಿನಲ್ಲಿ ಇಟಲಿಯ ರಾಬರ್ಟಾ ವಿಂಚಿಯವರು ಸೆರೆನಾ ವಿಲಿಯಮ್ಸ್ ಅವರನ್ನು 2-6, 6-4, 6-4ರಿಂದ ಸೋಲಿಸಿದರು. ಒಂದೇ ವರ್ಷದಲ್ಲಿ ನಾಲ್ಕೂ ಮಹಾ ಪ್ರಶಸ್ತಿಗಳನ್ನು ಗೆಲ್ಲಲು ಸೆರೆನಾ ಅವರಿಗೆ ಉಳಿದಿದ್ದುದು ಇನ್ನೆರಡೇ ಪಂದ್ಯ. ವಿಂಚಿಯವರ ಗೆಲುವಿಗೆ ಪಣದ ಪೇಟೆಯಲ್ಲಿ ನಡೆದಿದ್ದ ದರ ಒಂದಕ್ಕೆ ಮುನ್ನೂರು. ಒಂದು ಡಾಲರ್ ಹೂಡಿದವನಿಗೆ ಅಸಲಿನ ಮೇಲೆ ಮುನ್ನೂರು ಡಾಲರ್. ಸಂಭವದ ಭಾಷೆಗೆ ಇಳಿಸಿದರೆ ಸುಮಾರು ಶೇ. 0.33.

ಹಾಗಾದರೆ ದರ ಸುಳ್ಳಾಯಿತೇ? ಆಗಲಿಲ್ಲವೆಂದು ಗಣಿತ ಬಲ್ಲವರು ಹೇಳುತ್ತಾರೆ. ಮುನ್ನೂರರಲ್ಲಿ ಒಮ್ಮೆ ಎಂದರೆ ಎಂದೂ ಇಲ್ಲ ಎಂದರ್ಥವಲ್ಲ. ಉತ್ತರ ನಿರ್ದುಷ್ಟವಾದುದೇ. ಆದರೂ ನನಗೆ ಅದು ಪೂರ್ಣ ಸಮಾಧಾನ ತಂದಿಲ್ಲ. ದಾಳವನ್ನು ಮುನ್ನೂರು ಸಲ ಉರುಳಿಸಿ ನೋಡಬಹುದು. ಆ ದಿನದ ವಿಂಚಿಯವರನ್ನು ಮುನ್ನೂರು ಸಲ ಅಂಗಳಕ್ಕೆ ಇಳಿಸಲಾಗದು. ಒಮ್ಮೆ ಮಾತ್ರ ಘಟಿಸುವ ಸಂಗತಿಯ ಬಗೆಗೆ ಹೇಳಿದ ಸಂಖ್ಯೆ ಆ ಸಂಗತಿಯ ಗುಣವೋ, ನೋಡುವವರ ಅಜ್ಞಾನದ ಅಳತೆಯೋ? ಎರಡನೆಯದೆಂದೇ ನನ್ನ ಎಣಿಕೆ.

ಅದು ಶುದ್ಧವಾದ ಅಭಿಪ್ರಾಯವೂ ಅಲ್ಲ, ಮಾರಾಟದ ಬೆಲೆ. ಒಂದು ಪಂದ್ಯದಲ್ಲಿ ಬಲಿಷ್ಠನಿಗೆ 1.25, ದುರ್ಬಲನಿಗೆ 4.00 ದರವಿದೆ ಎನ್ನೋಣ. 100 ರೂಪಾಯಿ ಹೂಡಿ ಗೆದ್ದರೆ ಅಸಲೂ ಸೇರಿ ಕ್ರಮವಾಗಿ 125, 400 ಕೈಸೇರುತ್ತದೆ. ಒಂದನ್ನು ಈ ದರದಿಂದ ಭಾಗಿಸಿದರೆ ಅದರೊಳಗೆ ಅಡಗಿರುವ ಸಂಭವ ತಿಳಿಯುತ್ತದೆ: ಒಬ್ಬನಿಗೆ ಶೇ. 80, ಇನ್ನೊಬ್ಬನಿಗೆ ಶೇ. 25. ಕೂಡಿದರೆ 105. ಇಬ್ಬರಲ್ಲಿ ಒಬ್ಬನೇ ಗೆಲ್ಲುವ ಆಟದಲ್ಲಿ ನೂರನ್ನು ಮೀರಿದ ಆ ಐದು ಎಲ್ಲಿಂದ ಬಂತು? ಅದು ಪಣ ನಡೆಸುವವನ ಪಾಲು. ಆಟವನ್ನು ಎಷ್ಟೇ ಬಲ್ಲವನಾದರೂ ಈ ಸುಂಕವನ್ನು ತೆತ್ತೇ ಒಳಗೆ ಬರಬೇಕು. ‘ನಾನು ಜೂಜಾಡುವುದಿಲ್ಲ, ಲೆಕ್ಕ ಹಾಕುತ್ತೇನೆ’ ಎನ್ನುವ ವಿದ್ಯಾವಂತ ತರುಣರು ಈ ಒಂದು ಕೂಡುವ ಲೆಕ್ಕವನ್ನು ಮೊದಲು ಮಾಡಿದರೆ ಒಳ್ಳೆಯದು.

ಇಂಥ ಬೆಲೆ ಸಾಕ್ಷಿಯ ಪೀಠಕ್ಕೇರಿದ ಪ್ರಸಂಗವೂ ಉಂಟು. ಪಂದ್ಯ ನಡೆಯುತ್ತಿರುವಾಗಲೂ ದರ ಏರಿಳಿಯುತ್ತದೆ. ಮುಂದಿರುವವನ ದರ ಇಳಿಯುವುದು ಸಹಜ. 2007ರ ಆಗಸ್ಟಿನಲ್ಲಿ ಪೋಲೆಂಡಿನ ಸೋಪೋಟ್‌ನಲ್ಲಿ ರಷ್ಯದ ನಿಕೊಲಾಯ್ ದವಿದೆಂಕೊ ಮೊದಲ ಸೆಟ್ಟನ್ನು ಗೆದ್ದರು. ಆದರೂ ಹಣ ಅವರ ಎದುರಾಳಿಯ ಕಡೆಗೇ ಹರಿಯಿತು. ಮೂರನೆಯ ಸೆಟ್ಟಿನಲ್ಲಿ ಅವರು ಗಾಯದಿಂದ ಹಿಂದೆ ಸರಿದರು. ಬೆಟ್‌ಫೇರ್ ಸಂಸ್ಥೆ ಆ ಪಂದ್ಯದ ಪಣಗಳನ್ನು ರದ್ದುಗೊಳಿಸಿತು. ಇಬ್ಬರಲ್ಲಿ ಯಾರೂ ನಿಯಮ ಮೀರಿದ್ದಕ್ಕೆ ಆಧಾರ ಸಿಗಲಿಲ್ಲವೆಂದು ಎಟಿಪಿ ಹೇಳಿದ್ದು 2008ರ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಒಂದು ವರ್ಷಕ್ಕೂ ಮಿಗಿಲಾಗಿ ಅವರು ಶಂಕೆಯ ನೆರಳಿನಲ್ಲೇ ಆಡಬೇಕಾಯಿತು. ತನಿಖೆ ನಡೆದದ್ದು ನ್ಯಾಯವೇ. ಆದರೆ ಹಣ ಹೂಡಿದವರು ಏನನ್ನೋ ನಂಬಿದ್ದರು ಎಂಬುದಕ್ಕಿಂತ ಹೆಚ್ಚಿನದನ್ನು ದರ ಹೇಳಲಾರದು. ಆಟಗಾರನ ಅಂತಃಕರಣವನ್ನು ಅದು ಕಂಡಿಲ್ಲ.

ಜೂಜಿನ ದೋಷವನ್ನು ನಾವು ಸಾಮಾನ್ಯವಾಗಿ ಹಣದ ನಷ್ಟದಲ್ಲಿ ಹುಡುಕುತ್ತೇವೆ. ಕುರುಸಭೆಯಲ್ಲಿ ದ್ರೌಪದಿ ಎತ್ತಿದ ಪ್ರಶ್ನೆ ಸಂಪತ್ತಿನದಾಗಿರಲಿಲ್ಲ. ತನ್ನನ್ನೇ ಸೋತವನಿಗೆ ನನ್ನನ್ನು ಪಣವಾಗಿಡುವ ಅಧಿಕಾರವುಂಟೇ ಎಂದು ಆಕೆ ಕೇಳಿದಳು, ಭೀಷ್ಮನಂಥವನೂ ತಡವರಿಸಿದ. ಇಂದು ಪಣದಲ್ಲಿ ಹಣ ಕಳೆದುಕೊಂಡ ಅಪರಿಚಿತರು ಸೋತ ಆಟಗಾರರಿಗೆ ಬೈಗುಳವನ್ನೂ ಬೆದರಿಕೆಯನ್ನೂ ಬರೆದು ಕಳುಹಿಸುತ್ತಾರೆ. ಹಲವು ಆಟಗಾರ್ತಿಯರು ಇದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಯಾರೂ ಅವರ ಒಪ್ಪಿಗೆ ಕೇಳಿರಲಿಲ್ಲ. ಬಲೆಗೆ ತಾಗಿದ ಒಂದು ಸರ್ವ್ ಆಟದಲ್ಲಿ ಬರಿಯ ತಪ್ಪು. ಹಣ ಹೂಡಿದವನ ಕಣ್ಣಿಗೆ ಅದು ಸಾಲಗಾರನ ವಂಚನೆ.

ಸೆರೆನಾ ಅವರನ್ನು ಗೆದ್ದ ಮರುದಿನವೇ ವಿಂಚಿಯವರು ಫೈನಲಿನಲ್ಲಿ ತಮ್ಮ ನಾಡಿನವರೇ ಆದ ಬಾಲ್ಯದ ಗೆಳತಿ ಫ್ಲಾವಿಯಾ ಪೆನ್ನೆಟ್ಟಾ ಅವರಿಗೆ ಸೋತರು. ಪ್ರಶಸ್ತಿ ಪ್ರದಾನಕ್ಕೆ ಕಾಯುತ್ತ ಇಬ್ಬರೂ ಅಕ್ಕಪಕ್ಕ ಕುಳಿತು ಹರಟುತ್ತಿದ್ದರು.