ಲೈನ್ ಮನೆಯ ಗೋಡೆ

ಕೆ.ಜಿ.ಎಫ್.ಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಸಯನೈಡ್ ದಿಬ್ಬಗಳು. ಕಲ್ಲು ಅರೆದು, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು. ಗಾಳಿ ಎದ್ದರೆ ಆ ಪುಡಿ ಅನ್ನದ ತಟ್ಟೆಯವರೆಗೂ ಬರುತ್ತದೆ.

ನಾನು ಕೋಲಾರದ ಕಡೆಯವನು. ಚಿಕ್ಕಂದಿನಲ್ಲಿ ನಮಗದು ಪಕ್ಕದ ಊರಲ್ಲ, ಬೇರೆ ದೇಶ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಗಣಿಗೆ ಬಂದಿತ್ತು. ನಾನು ಅಕ್ಷರ ಕಲಿತದ್ದು ಬುಡ್ಡಿದೀಪದಲ್ಲಿ. 'ಅವರು ತಮಿಳರು, ಅವರ ಊರು' ಎಂದು ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಆ ಚಿನ್ನ ಮಾತ್ರ ನಮ್ಮದಾಗಿತ್ತು!

ಜಾನ್ ಟೇಲರ್ ಕಂಪನಿ ಕಾರ್ನ್‌ವಾಲ್‌ನಿಂದ ಗಣಿಗಾರರನ್ನು ಕರೆಸಿತು. ಕೂಲಿಗೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರುಗಳಿಂದ ಜನ ಬಂದರು, ಬಹುಪಾಲು ದಲಿತರು. ಊರಿನಲ್ಲಿ ಗೌಂಡರ ಮುಂದೆ ಬಗ್ಗಿ ನಿಲ್ಲುವುದಕ್ಕಿಂತ ಪಾತಾಳಕ್ಕೆ ಇಳಿಯುವುದೇ ಮೇಲು ಎಂದುಕೊಂಡವರೂ ಇದ್ದಿರಬೇಕು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಕಲ್ಲಿನ ದೂಳು ಕುಡಿದ ಎದೆಗಳ ಲೆಕ್ಕ ಚಿನ್ನದ ಲೆಕ್ಕದಷ್ಟು ಅಚ್ಚುಕಟ್ಟಾಗಿ ಯಾರೂ ಇಡಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೊಮ್ಮೆ, ನನ್ನ ಕಾಲೇಜಿನ ಗೆಳೆಯನೊಬ್ಬನ ಲೈನ್ ಮನೆಗೆ ಹೋಗಿದ್ದೆ. ಅವನ ತಂದೆ ಅಂಡರ್‌ಗ್ರೌಂಡಿನಲ್ಲಿ ದುಡಿದು, ಕೆಮ್ಮಿ ಕೆಮ್ಮಿ ತೀರಿಕೊಂಡವರು. ಇಂಥ ಮನೆಗಳನ್ನು ಇದ್ದ ಹಾಗೆಯೇ ಉಳಿಸಬೇಕು ಎಂದು ನಾನು ಉತ್ಸಾಹದಿಂದ ಭಾಷಣ ಬಿಗಿದೆ.

"ಏನಪ್ಪಾ, ನೀನು ಬಂದು ಇರ್ತೀಯಾ ಇದರಲ್ಲಿ?" ಎಂದ. "ಒಂದು ರೂಮಲ್ಲಿ ಎಂಟು ಜನ ಮಲಗ್ತಿದ್ವಿ. ಕಕ್ಕಸಿಗೆ ಸಾಲಲ್ಲಿ ನಿಲ್ತಿದ್ವಿ. ಅದನ್ನ ಉಳಿಸಿ ಯಾರಿಗೆ ತೋರಿಸ್ತೀಯ?"

ನನಗೆ ಉತ್ತರ ಹೊಳೆಯಲಿಲ್ಲ, ಇಂದಿಗೂ ಪೂರ್ತಿಯಾಗಿ ಹೊಳೆದಿಲ್ಲ. ಸಾಹೇಬರ ಬಂಗಲೆ, ಕ್ಲಬ್ಬುಗಳನ್ನು ಉಳಿಸಲು ಯಾರೂ ವಾದ ಹೂಡಬೇಕಾಗಿಲ್ಲ. ಗಟ್ಟಿಯಾಗಿ ಕಟ್ಟಿದ್ದು ತಾನೇ ನಿಲ್ಲುತ್ತದೆ. ಬಿದಿರು ತಟ್ಟಿಯ ಗುಡಿಸಲು ತಾನೇ ಬೀಳುತ್ತದೆ. ಸುಮ್ಮನಿದ್ದರೆ ನಾಳೆ ಆ ಊರು ಸಾಹೇಬರ ಊರಾಗಿಯೇ ಉಳಿದೀತು. ಹೆಬ್ಬೆಟ್ಟು ಒತ್ತುವುದಿಲ್ಲ ಎಂದು 1930ರಲ್ಲಿ ಮುಷ್ಕರ ಹೂಡಿದ ಆ ಸಾವಿರಾರು ಜನರಿಗೆ ಯಾವ ಕಟ್ಟಡವಿದೆ? ಇದು ನನ್ನ ಪಕ್ಷದ ವಾದ, ಬಲವಾದದ್ದೇ. ಆದರೆ ಸಾಕ್ಷಿಯಾಗಿ ಉಳಿಯಬೇಕಾದ ಮನೆಯಲ್ಲಿ ಮಲಗಬೇಕಾದವನು ನಾನಲ್ಲವಲ್ಲ! ಒಂದು ಕಾಲಕ್ಕೆ ಆ ಜನರನ್ನೇ ಹೊರಗಿನವರೆಂದ ನಾವು, ಈಗ ಅವರ ಕಷ್ಟವನ್ನು ನಮ್ಮ ಪರಂಪರೆ ಎನ್ನುವುದಕ್ಕೆ ಯಾವ ಹಕ್ಕಿದೆ?

ಗೆಳೆಯ ಹಿಂದಿನ ಗೋಡೆ ಒಡೆದು ಬಚ್ಚಲು, ಕಕ್ಕಸು ಕಟ್ಟಿಸುವವನಿದ್ದ. ಟೀ ಕುಡಿದಾದ ಮೇಲೆ ಅಳತೆಯ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೊ" ಎಂದ. ಹಿಡಿದುಕೊಂಡೆ.